ಹತ್ತು ಕಿಲೋಮೀಟರಿನೊಳಗಿನ ಮಾತು

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದು ಪೈಸೆ ಕೇಳದವರು, ಹೊಟ್ಟೆ ಮುಟ್ಟಿಯೇ ಕೂಸಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದವರು: ಇಷ್ಟು ನಮಗೆಲ್ಲ ಗೊತ್ತು. ಮುಟ್ಟುವುದು ಅಂದರೆ ಹೇಗೆ? ಅಂಗೈಯಿಂದಲೋ ಬೆರಳ ತುದಿಯಿಂದಲೋ? ಕೂಸು ಅಡ್ಡ ಕೂತಿದ್ದರೆ ಏನು ಮಾಡುತ್ತಿದ್ದರು? ಯಾವ ಗಳಿಗೆಯಲ್ಲಿ "ಇದು ನನ್ ಕೈಲಾಗಲ್ಲ, ಗಾಡಿ ಕಟ್ಟಿ" ಅನ್ನಬೇಕಾಗುತ್ತಿತ್ತು? ಪ್ರಶಸ್ತಿಯ ಸುದ್ದಿಯಲ್ಲಿ ಇಂಥ ಪ್ರಶ್ನೆಗಳಿಗೆ ಜಾಗ ಇರುವುದಿಲ್ಲ. ಅಲ್ಲಿ ಬೇಕಾಗಿರುವುದು ಸಂಖ್ಯೆ ಮತ್ತು ಫೋಟೋ.

ಇಂಥ ಪ್ರಶ್ನೆ ಕೇಳಲು ಪುರುಸೊತ್ತು ಇರಬೇಕಾದ ಮಾಧ್ಯಮ ಒಂದಿದೆ. ಅದು ಊರಿನ ರೇಡಿಯೋ, ಅಂದರೆ ಸಮುದಾಯ ಬಾನುಲಿ. ಊರಿನವರನ್ನೇ ಕರೆಸಿ ಅರ್ಧ ಗಂಟೆ ಮಾತಾಡಿಸುವುದು ಎಲ್ಲ ಸಮುದಾಯ ಬಾನುಲಿಗಳ ನಿತ್ಯದ ಅಡುಗೆ. ಹಾಗಿದ್ದೂ ಆ ಅರ್ಧ ಗಂಟೆ ಮೆಲ್ಲಮೆಲ್ಲಗೆ ಸನ್ಮಾನ ಸಮಾರಂಭದ ರೇಡಿಯೋ ರೂಪವಾಗುತ್ತಿದೆ ಎನ್ನುವುದು ನನ್ನ ತಕರಾರು. ಶಾಲು, ಹಾರ, ಫಲತಾಂಬೂಲ ಮಾತ್ರ ಕಾಣುವುದಿಲ್ಲ, ಅಷ್ಟೇ. ನಿರೂಪಕರ ಸೋಮಾರಿತನವನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಇದರ ಹಿಂದೆ ನಿಯಮ, ದುಡ್ಡು, ರೂಢಿ ಮೂರೂ ಸೇರಿಕೊಂಡಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಟ್ಟಿಗೆ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಈ ಭಾಗಕ್ಕೆ ಈ ವಿಷಯದಲ್ಲಿ ಒಂದು ಹಿರಿತನವೂ ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದಾಗ ದೇಶದಲ್ಲಿ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಕೊಡುವ ಕಾನೂನೇ ಇರಲಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲೇ ಹೇಳಿತ್ತು. ಸರ್ಕಾರ 2002ರ ಕೊನೆಯಲ್ಲಿ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಕಟ್ಟಿದ ಬೂದಿಕೋಟೆಯ ಸ್ಟುಡಿಯೋ ಸುತ್ತುದಾರಿ ಹುಡುಕಿತು. ಗಾಳಿಯಲ್ಲಿ ಬಿಡುವಂತಿಲ್ಲ ತಾನೆ, ತಂತಿಯಲ್ಲಿ ಬಿಡೋಣ ಅಂತ ಟಿವಿ ಕೇಬಲ್ಲಿನಲ್ಲೇ ದನಿ ಹರಿಸಿದರು. ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತರು. ಹೈದರಾಲಿ ಹುಟ್ಟಿದ ಊರು ಅಂತ ಹೆಸರಾದ ಬೂದಿಕೋಟೆ ರೇಡಿಯೋ ಚರಿತ್ರೆಗೂ ಸೇರಿದ್ದು ಹೀಗೆ. ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಕೊಡಬಹುದು ಎಂದು ಕೇಂದ್ರ ಒಪ್ಪಿದ್ದು 2006ರ ನವೆಂಬರಿನಲ್ಲಿ.

ಇನ್ನೂ ಹಿಂದಕ್ಕೆ ಹೋದರೆ, 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು 'ಆಕಾಶವಾಣಿ' ನಡೆಸಿದ್ದರು. ದೇಶದ ಸರ್ಕಾರಿ ರೇಡಿಯೋ ಆಮೇಲೆ ತೊಟ್ಟ ಹೆಸರು ಅದು. ಇವತ್ತಿನ ಸಮುದಾಯ ಬಾನುಲಿಗೆ ಕೊಡುವುದು ಸಾಮಾನ್ಯವಾಗಿ 100 ವಾಟ್ ಪರಿಣಾಮಿ ಶಕ್ತಿ, ಆಂಟೆನಾ ಎತ್ತರ ಹೆಚ್ಚೆಂದರೆ 30 ಮೀಟರ್. ನೆಲ ಚಪ್ಪಟೆಯಾಗಿದ್ದರೆ ಹತ್ತು, ಹದಿನೈದು ಕಿಲೋಮೀಟರ್ ಕೇಳಿಸುತ್ತದೆ. ನಂದಿ, ಸ್ಕಂದಗಿರಿ, ಅಂತರಗಂಗೆ, ದೇವರಾಯನದುರ್ಗದಂಥ ಬೆಟ್ಟ ಅಡ್ಡ ಬಂದರೆ ಅಷ್ಟೂ ಇಲ್ಲ.

ಈ ಹತ್ತು ಕಿಲೋಮೀಟರ್ ಅನ್ನು ಕೊರತೆ ಅಂತ ನೋಡುವವರೇ ಜಾಸ್ತಿ. ತುಮಕೂರಿನಲ್ಲಿ ಸಿದ್ಧಾರ್ಥ ಮಾಧ್ಯಮ ಕೇಂದ್ರದ ರೇಡಿಯೋ ಸಿದ್ಧಾರ್ಥ 90.8 ಇದೆ. ನಗರದಲ್ಲಿ ಹೊರಟ ದನಿ ನೂರು ಕಿಲೋಮೀಟರ್ ಆಚೆಯ ಪಾವಗಡಕ್ಕೆ ಮುಟ್ಟುವ ಮಾತೇ ಇಲ್ಲ. ಹತ್ತು ತಾಲ್ಲೂಕಿನ ಜಿಲ್ಲೆಗೆ ಒಂದು ಸಮುದಾಯ ಬಾನುಲಿ ಎನ್ನುವುದು ಲೆಕ್ಕದಲ್ಲಿ ಮಾತ್ರ ಸರಿ. ಮಾತುಕತೆಯ ಕಾರ್ಯಕ್ರಮದ ಮಟ್ಟಿಗೆ ನನ್ನ ಅಭಿಪ್ರಾಯ ಬೇರೆ. ಅತಿಥಿಯೂ ಕೇಳುಗರೂ ಒಂದೇ ಬಸ್ಸಿನಲ್ಲಿ ಓಡಾಡುವಷ್ಟು ಹತ್ತಿರದವರಾದಾಗ ಮಾತಿನ ಜಾತಿಯೇ ಬದಲಾಗುತ್ತದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು "ನಮ್ಮೂರ ಕೆರೆ ನಾನೇ ಉಳಿಸಿದೆ" ಅಂದರೆ ಯಾರೂ ಕೇಳುವುದಿಲ್ಲ. ಅದೇ ಮಾತನ್ನು ಕೆರೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಹೇಳಿ ನೋಡಲಿ. ಸಂಜೆಯೊಳಗೆ ಫೋನ್ ಬರುತ್ತದೆ: "ಆವತ್ತು ಜೆಸಿಬಿ ಬಾಡಿಗೆ ಕೊಟ್ಟೋರು ಯಾರು ಅಂತ ಕೇಳಿ ಅವರನ್ನ." ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ಎಲ್ಲರೂ ಬೆಟ್ಟದ ಬುಡದಲ್ಲೇ ಇದ್ದಾರೆ.

ಹಾಗಿದ್ದರೆ ಯಾರನ್ನು ಕರೆಯಬೇಕು? ಈಗ ಬರುವವರನ್ನು ಗಮನಿಸಿದರೆ ಒಂದು ಸಾಲು ಕಾಣುತ್ತದೆ: ರಾಜ್ಯೋತ್ಸವ ಪ್ರಶಸ್ತಿ ಬಂದವರು, ನಿವೃತ್ತ ಪ್ರಾಂಶುಪಾಲರು, ವೈದ್ಯರು, ಇಲಾಖೆಯ ಅಧಿಕಾರಿಗಳು, ರೋಟರಿ ಅಧ್ಯಕ್ಷರು. ಯಾರೂ ಬೇಡದವರಲ್ಲ. ಆದರೆ ಇವರೆಲ್ಲರಿಗೂ ಬೇರೆ ವೇದಿಕೆಗಳಿವೆ, ಮಾತು ಆಗಲೇ ಸವೆದು ನಯವಾಗಿದೆ. ಇನ್ನೊಂದು ಸಾಲನ್ನು ಯೋಚಿಸಿ. ಶಿಡ್ಲಘಟ್ಟದಲ್ಲಿ ಬಿಸಿ ನೀರಿಗೆ ಕೈಹಾಕಿ ರೇಷ್ಮೆ ಗೂಡಿನ ಎಳೆ ಹಿಡಿಯುವ ರೀಲಿಂಗ್ ಕೆಲಸದ ಹೆಂಗಸು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ನೋಡಿದ ಕೂಡಲೇ ದರ ಕೂಗುವ ಮಂಡಿಯವನು. ತಿಪಟೂರಿನಲ್ಲಿ ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ ಕೊಬ್ಬರಿ ಕಟ್ಟಿದೆಯೋ ಇಲ್ಲವೋ ಹೇಳುವ ರೈತ. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರು. ಹದಿಮೂರು ಸಾವಿರ ಎಕರೆ, 2,050 ಮೆಗಾವಾಟ್ ಎಂಬುದು ಸರ್ಕಾರದ ಹೆಮ್ಮೆ, ಸರಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ತಗೊಂಡು, ಉಳುವ ಕೆಲಸವಿಲ್ಲದ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡುತ್ತಾನೆ? ಅದನ್ನು ಕೇಳಿದವರು ಕಡಿಮೆ.

ಕೆಜಿಎಫ್‌ನ ಗಣಿ ಕಾರ್ಮಿಕರದ್ದು ಇನ್ನೂ ಅವಸರದ ಕೆಲಸ. ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರುವರಿ 28ಕ್ಕೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಬಂದವರಿಗೆಲ್ಲ ಈಗ ವಯಸ್ಸಾಗಿದೆ. ಅಲ್ಲಿ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು, ಮೇಲಿನ ಮನೆಗಳೂ ಅದುರುತ್ತಿದ್ದವು. ಸಿಡಿಯುವ ಮುಂಚೆ ಕಲ್ಲು ಯಾವ ಸದ್ದು ಮಾಡುತ್ತಿತ್ತು ಎಂಬುದನ್ನು ಹೇಳಬಲ್ಲವರು ಅವರೇ. ಸದ್ದಿನ ವಿಷಯವನ್ನು ರೇಡಿಯೋ ಕೇಳದಿದ್ದರೆ ಇನ್ಯಾರು ಕೇಳಬೇಕು?

ಕರೆದ ಮೇಲೂ ಕೆಲಸ ಮುಗಿಯುವುದಿಲ್ಲ, ಕೇಳುವ ರೀತಿ ಮುಖ್ಯ. ಕೋಲಾರ ಸೀಮೆಯ ಕೆರೆಗಳ ನೀರಗಂಟಿಯೊಬ್ಬರನ್ನು ಸ್ಟುಡಿಯೋಗೆ ಕರೆಸಿದ್ದಾರೆ ಎಂದುಕೊಳ್ಳಿ. ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವರು ನೀರಗಂಟಿಗಳು. ಹೆಚ್ಚಿನವರು ದಲಿತರು, ಕೆಲಸ ವಂಶಪಾರಂಪರ್ಯ, ಕೂಲಿ ಸುಗ್ಗಿಯಲ್ಲಿ ಕಣದ ಮೇಲೆ ಸಿಗುವ ಆಯದ ಕಾಳು. ಸಾಮಾನ್ಯವಾಗಿ ಸಂದರ್ಶನ ಹೀಗೆ ಶುರುವಾಗುತ್ತದೆ.

"ನಿಮ್ಮ ಈ ಅಮೋಘ ಸೇವೆಗೆ ಸ್ಫೂರ್ತಿ ಯಾರು?"

"ಸ್ಫೂರ್ತಿ ಏನು ಬಂತಮ್ಮ. ನಮ್ಮಪ್ಪ ಮಾಡ್ತಿದ್ದ, ನಾನೂ ಮಾಡ್ದೆ."

"ಇಂದಿನ ಯುವಜನತೆಗೆ ನಿಮ್ಮ ಸಂದೇಶ?"

"ಏನೋ... ಎಲ್ಲಾರೂ ಚೆನ್ನಾಗಿರ್ಬೇಕು."

ಹಾಡು ಹಾಕಿ, ಮುಗಿಯಿತು. ಪ್ರಶ್ನೆ ಕೇಳಿದ ನಿರೂಪಕಿ ಹುಡುಗಿಯದು ತಪ್ಪಲ್ಲ, ಅವಳಿಗೆ ಸಿಕ್ಕ ಪ್ರಶ್ನೆಗಳೇ ಅವು. ಹಾಡಿದ್ದೇ ಹಾಡುವ ಕಿಸುಬಾಯಿ ದಾಸನ ಹಾಗೆ ಸ್ಫೂರ್ತಿ, ಸಾಧನೆ, ಸಂದೇಶ ಸುತ್ತುತ್ತಿರುತ್ತವೆ. ಈಗ ಅದೇ ಮನುಷ್ಯನಿಗೆ ಬೇರೆ ಥರ ಕೇಳಿ.

"ತಾತ, ಕೆರೆ ಅರ್ಧ ತುಂಬಿದ ವರ್ಷ ಯಾರ ಗದ್ದೆಗೆ ಮೊದಲು ನೀರು ಬಿಡ್ತಿದ್ರಿ?"

ಈ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆತ ಊರಿನ ಇಡೀ ನಕ್ಷೆ ಬಿಡಿಸಬೇಕಾಗುತ್ತದೆ. ಏರಿ ಹತ್ತಿರದ ಗದ್ದೆ ಯಾರದ್ದು, ಕಡೇ ಗದ್ದೆ ಯಾರದ್ದು. ಅಷ್ಟು ನೀರಿಗೆ ಎಷ್ಟು ಗದ್ದೆ ನಾಟಿ ಮಾಡಬಹುದು ಅಂತ ತೀರ್ಮಾನ ಆಗುತ್ತಿದ್ದದ್ದು ಯಾರ ಜಗಲಿಯಲ್ಲಿ. ತನ್ನನ್ನು ಒಳಗೆ ಕರೆಯದ ಮನೆಯವರ ಗದ್ದೆಗೆ ತಾನೇ ನೀರು ಅಳೆದು ಬಿಡುತ್ತಿದ್ದಾಗ ಅವರು ಹೇಗೆ ಮಾತಾಡಿಸುತ್ತಿದ್ದರು. ರಾತ್ರಿ ಕದ್ದು ಮಡವೆ, ಅಂದರೆ ಗದ್ದೆಗೆ ನೀರು ಬಿಡುವ ಬಾಯಿ, ಒಡೆದವರ ಹೆಸರು ನಾಲಗೆ ತುದಿಗೆ ಬಂದು ನಿಲ್ಲುತ್ತದೆ. ಆಮೇಲೆ ಬೋರ್‌ವೆಲ್ ಬಂದದ್ದು, ಆಯ ಕೊಡುವುದು ನಿಂತದ್ದು, ತೂಬು ಹೂಳಿನಲ್ಲಿ ಮುಚ್ಚಿಹೋದದ್ದು. ಜಾತಿ, ನೀರು, ಕೂಲಿ ಮೂರನ್ನೂ ಆತ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಯಾಕೆಂದರೆ ಆತನ ಬದುಕಿನಲ್ಲಿ ಅವು ಬೇರೆಬೇರೆ ಇರಲಿಲ್ಲ.

ನಿಯಮದ ಪ್ರಶ್ನೆ ಬರುವುದು ಇಲ್ಲಿಯೇ. ಸಮುದಾಯ ಬಾನುಲಿ ತನ್ನದೇ ಸುದ್ದಿ ಓದುವಂತಿಲ್ಲ, ಪ್ರಚಲಿತ ವಿದ್ಯಮಾನದ ಕಾರ್ಯಕ್ರಮ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ಹವಾಮಾನ, ಪರೀಕ್ಷಾ ಫಲಿತಾಂಶ, ಕರೆಂಟು ನೀರಿನ ಪ್ರಕಟಣೆ, ಜಾತ್ರೆ ಹಬ್ಬದ ಮಾಹಿತಿಯನ್ನು 'ಸುದ್ದಿಯಲ್ಲ' ಅಂತ ಬಿಟ್ಟಿದ್ದಾರೆ. ಈ ನಿಷೇಧವನ್ನು ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಖಾಸಗಿ ಎಫ್‌ಎಂಗಳಿಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಬಿಡಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. ಪತ್ರಿಕೆ, ಟಿವಿ, ಯೂಟ್ಯೂಬ್, ವಾಟ್ಸ್ಆ್ಯಪ್ ಯಾವುದಕ್ಕೂ ಇಲ್ಲದ ಕಟ್ಟು ಹತ್ತು ಕಿಲೋಮೀಟರ್ ಹೋಗುವ ರೇಡಿಯೋಗೆ ಯಾಕೆ ಅನ್ನುವುದಕ್ಕೆ ನಾನು ಒಪ್ಪುವಂಥ ಉತ್ತರ ಇದುವರೆಗೆ ಸಿಕ್ಕಿಲ್ಲ. ಭದ್ರತೆ ಎನ್ನುತ್ತಾರೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರು ಏನು ಹಾಕಿದರು ಎಂದು ಪತ್ತೆ ಹಚ್ಚುವುದಕ್ಕಿಂತ ಪರವಾನಗಿ ಪಡೆದ ರೇಡಿಯೋವನ್ನು ಪ್ರಶ್ನಿಸುವುದು ಎಷ್ಟೋ ಸುಲಭ.

ಕೆ.ಸಿ. ವ್ಯಾಲಿ ಯೋಜನೆಯನ್ನೇ ತಗೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವುದು 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು. ಯೋಜನೆಯ ಪಟ್ಟಿಯಲ್ಲಿದ್ದವು 126 ಕೆರೆ. ಮೂರನೇ ಹಂತದ ಶುದ್ಧೀಕರಣ ಬೇಕೇಬೇಕು ಅಂತ ಹೋರಾಟ ನಡೆಯಿತು. ಒಣಗಿದ್ದ ಬೋರು ತುಂಬಿದವು ಎಂದು ಖುಷಿಪಟ್ಟವರೂ ಇದ್ದರು. ಕೋಲಾರದವರ ಪಾಲಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ. ಆದರೆ ಊರ ರೇಡಿಯೋ ಇದರ ಬಗ್ಗೆ 'ಚರ್ಚೆ' ಇಟ್ಟರೆ ಅದು ಪ್ರಚಲಿತ ವಿದ್ಯಮಾನವೇ? ಬರೆದಿಟ್ಟ ಗೆರೆ ಎಲ್ಲೂ ಸ್ಪಷ್ಟವಿಲ್ಲ. ಗೆರೆ ಸ್ಪಷ್ಟವಿಲ್ಲದಾಗ ಚಿಕ್ಕ ಸಂಸ್ಥೆ ಎರಡು ಹೆಜ್ಜೆ ಹಿಂದೆಯೇ ನಿಲ್ಲುತ್ತದೆ, ಪರವಾನಗಿ ಹೋದರೆ ಎಲ್ಲ ಹೋಯಿತು. ಅದೇ ನೀರಗಂಟಿ ತಾತ ತನ್ನ ಬದುಕಿನ ಕತೆ ಹೇಳುತ್ತಾ ಹೇಳುತ್ತಾ "ಈಗ ಕೆರೆ ತುಂಬೈತೆ ಕಣಮ್ಮ, ಆದ್ರೆ ಎತ್ತು ಕುಡೀಬೇಕಾದ್ರೆ ಒಂದ್ಸಲ ಮೂಸಿ ನೋಡ್ತದೆ" ಅಂದರೆ? ಅದು ಸಂದರ್ಶನ. ಒಬ್ಬರ ಬಾಳಿನ ಅನುಭವ. ಹೀಗಾಗಿ ಸುದ್ದಿ ನಿಷೇಧಿಸಿದ ರೇಡಿಯೋದಲ್ಲಿ ಊರಿನ ನಿಜವಾದ ಸುದ್ದಿ ಬರಬಹುದಾದ ಒಂದೇ ಕಿಂಡಿ ಈ ಮಾತುಕತೆ. ಅದನ್ನೂ ಸ್ಫೂರ್ತಿ, ಸಂದೇಶ ಎಂದು ನಾವೇ ಮುಚ್ಚಿಕೊಂಡರೆ ಸರ್ಕಾರವನ್ನು ಬೈದು ಏನು ಪ್ರಯೋಜನ?

ಇನ್ನು ದುಡ್ಡು. 2024ರ ಫೆಬ್ರುವರಿಯಲ್ಲಿ ಕೇಂದ್ರ ಹೊಸ ಮಾರ್ಗಸೂಚಿ ತಂದಿತು. ಜಾಹೀರಾತಿಗೆ ಗಂಟೆಗೆ 7 ನಿಮಿಷ ಇದ್ದದ್ದು 12 ಆಯಿತು, ದರ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು, ಮೊದಲ ಅನುಮತಿಯ ಅವಧಿ ಹತ್ತು ವರ್ಷವಾಯಿತು. ಲೆಕ್ಕ ಹಾಕಿದರೆ ಹನ್ನೆರಡೂ ನಿಮಿಷ ಆ ದರಕ್ಕೆ ಮಾರಾಟವಾದ ಗಂಟೆಗೆ 5,328 ರೂಪಾಯಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪ್ರತಿ ಗಂಟೆಗೆ ಎಪ್ಪತ್ತೆರಡು ಜಾಹೀರಾತು ಕೊಡುವ ಪೇಟೆ ಬೂದಿಕೋಟೆಯಲ್ಲಿ ಎಲ್ಲಿದೆ? ತುಮಕೂರಿನ ಅಶೋಕ ರಸ್ತೆಯ ಅಂಗಡಿಯವರೂ ಇನ್‌ಸ್ಟಾಗ್ರಾಂ ರೀಲ್ಸಿಗೆ ಕೊಡುವಷ್ಟು ಖುಷಿಯಿಂದ ರೇಡಿಯೋಗೆ ಕೊಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕಟ್ಟು. 2006ರ ಮಾರ್ಗಸೂಚಿ ಪ್ರಾಯೋಜಿತ ಕಾರ್ಯಕ್ರಮಗಳನ್ನು ನಿಷೇಧಿಸಿ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ, ಸಾರ್ವಜನಿಕ ಹಿತದ ಮಾಹಿತಿ ಕೊಡುವ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಂದರೆ ಊರಿನ ಸೀರೆ ಅಂಗಡಿ ಹತ್ತು ಸೆಕೆಂಡಿನ ಜಾಹೀರಾತು ಕೊಡಬಹುದು, ಆದರೆ ಗಣಿ ಕಾರ್ಮಿಕರ ಮಾತಿನ ಹನ್ನೆರಡು ಕಂತಿನ ಸರಣಿಗೆ ಪ್ರಾಯೋಜಕ ಆಗುವಂತಿಲ್ಲ. ಆರೋಗ್ಯ ಇಲಾಖೆ ಆಗಬಹುದು. ಇಲಾಖೆ ದುಡ್ಡು ಕೊಟ್ಟಾಗ ಅತಿಥಿ ಯಾರು ಅಂತ ಬೇರೆ ಹೇಳಬೇಕಿಲ್ಲ. ತಾಲ್ಲೂಕು ಅಧಿಕಾರಿ ಬರುತ್ತಾರೆ, ಯೋಜನೆಯ ವಿವರ ಓದುತ್ತಾರೆ, ಕೊನೆಗೆ "ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕು" ಎನ್ನುತ್ತಾರೆ. ಸ್ಟೇಷನ್ ನಡೆಸುವವರಿಗೆ ಬಾಡಿಗೆ, ಕರೆಂಟು ಬಿಲ್ಲು, ಇಬ್ಬರು ಮೂವರ ಸಂಬಳ ಕಟ್ಟಬೇಕು. ಅಧಿಕಾರಿಯ ಅರ್ಧ ಗಂಟೆಗೆ ಚೆಕ್ ಬರುತ್ತದೆ. ರೀಲಿಂಗ್ ಹೆಂಗಸಿನ ಅರ್ಧ ಗಂಟೆಗೆ ಆಕೆಯ ಒಂದು ದಿನದ ಕೂಲಿಯನ್ನು ನಾವೇ ತುಂಬಿಕೊಡಬೇಕು. ಇಲ್ಲದಿದ್ದರೆ ಕೆಲಸ ಬಿಟ್ಟು ಆಕೆ ಯಾಕೆ ಬರಬೇಕು? ಅತಿಥಿಗೆ ಬಸ್ ಚಾರ್ಜೂ ಕೊಡದೆ ಒಂದು ಶಾಲು ಹೊದಿಸಿ ಕಳಿಸುವ ಪದ್ಧತಿ ನನಗೆ ಮೊದಲಿನಿಂದಲೂ ಸರಿಬಂದಿಲ್ಲ.

ಸನ್ಮಾನದ ಧಾಟಿಗೆ ಭಾಷೆಯೂ ಕಾರಣ. ಕಾರ್ಯಕ್ರಮಗಳು ಆದಷ್ಟೂ ಸ್ಥಳೀಯ ಭಾಷೆ, ಉಪಭಾಷೆಯಲ್ಲೇ ಇರಲಿ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಈ ಮೂರು ಜಿಲ್ಲೆಯ ಸ್ಥಳೀಯ ಭಾಷೆ ಯಾವುದು? ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡದ ಮನೆಮನೆಯಲ್ಲಿ ತೆಲುಗು, ಕೆಜಿಎಫ್ ಕಾಲೊನಿಗಳಲ್ಲಿ ತಮಿಳು, ಶಿಡ್ಲಘಟ್ಟದ ರೇಷ್ಮೆ ಕಸುಬಿನಲ್ಲಿ ಉರ್ದು, ಎಲ್ಲದರ ನಡುವೆ ಓಡಾಡುವ ಕನ್ನಡ. ಕೈವಾರ ತಾತಯ್ಯನವರೇ ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಹೇಳಿದ ಸೀಮೆ ಇದು. ಮೈಕ್ ಮುಂದೆ ಕೂತ ಕೂಡಲೇ ಅತಿಥಿಗೆ "ಸ್ವಲ್ಪ ಶುದ್ಧವಾಗಿ ಮಾತಾಡಿ" ಎಂದರೆ ಆತನ ಅರ್ಧ ಜ್ಞಾನ ಅಲ್ಲೇ ಹೋಯಿತು. ಗೂಡಿಗೆ, ಮಣ್ಣಿಗೆ, ರೋಗಕ್ಕೆ ಆತ ಇಟ್ಟುಕೊಂಡ ಹೆಸರುಗಳು ಶುದ್ಧ ಕನ್ನಡದಲ್ಲಿ ಇರುವುದಿಲ್ಲ. ಹೆರಿಗೆ ಮಾಡಿಸುವ ಅಜ್ಜಿಯ ಬಾಯಲ್ಲಿ 'ಗರ್ಭಿಣಿ ಸ್ತ್ರೀ' ಬಂತೆಂದರೆ ಅವರು ಹೇಳುತ್ತಿರುವುದು ಅವರ ಮಾತಲ್ಲ ಅಂತ ತಿಳಿಯಬೇಕು. ತೆಲುಗಿನಲ್ಲೇ ಹೇಳಲಿ, ನಿರೂಪಕಿ ನಡುನಡುವೆ ಒಂದೆರಡು ಸಾಲು ಕನ್ನಡದಲ್ಲಿ ಸೇರಿಸಲಿ. ಹತ್ತು ಕಿಲೋಮೀಟರಿನೊಳಗೆ ಇದರಿಂದ ಯಾರಿಗೂ ತೊಂದರೆ ಇಲ್ಲ, ಕೇಳುವವರು ಸಂತೆಯಲ್ಲಿ ದಿನಾ ಹಾಗೇ ಮಾತಾಡುವವರು.

ಕೇಳುವವರಾದರೂ ಯಾರಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊಸ ಸ್ಮಾರ್ಟ್‌ಫೋನುಗಳಲ್ಲಿ ಎಫ್‌ಎಂ ಮಾಯವಾಗುತ್ತಾ ಬಂತು. ಇರುವ ಸೌಲಭ್ಯವನ್ನು ಮುಚ್ಚಬೇಡಿ ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಸಚಿವಾಲಯ 2023ರಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿತು, ಸಲಹೆ ಮಾತ್ರ. ಆಪ್ ಇದೆ, ಯೂಟ್ಯೂಬ್ ಇದೆ, ಅಲ್ಲೂ ಹಾಕಿ. ಆದರೆ ಯೂಟ್ಯೂಬ್‌ಗೆ ಹೋದ ಕೂಡಲೇ ಹತ್ತು ಕಿಲೋಮೀಟರಿನ ಹಂಗು ಹೋಗಿ ವ್ಯೂಸ್ ಲೆಕ್ಕ ಶುರುವಾಗುತ್ತದೆ. ಯಾವುದಕ್ಕೆ ವ್ಯೂಸ್ ಬರುತ್ತದೋ ಅಂಥವರನ್ನೇ ಕರೆಯುವ ಚಾಳಿ ಬೀಳುತ್ತದೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಚಿಕ್ಕಬಳ್ಳಾಪುರದ ತಮಟೆ ದೆಹಲಿಗೆ ಕೇಳಿಸಿತು, ಸಂತೋಷ. ಅವರ ಜೊತೆ ಬಾರಿಸಿದವರು, ಚರ್ಮ ಹದ ಮಾಡಿ ಬಿಗಿದುಕೊಟ್ಟವರು, ಬೆಂಕಿಗೆ ಹಿಡಿದು ಕಾಯಿಸುವಾಗ ಎಷ್ಟು ಸಾಕು ಎಂದು ಬಲ್ಲವರು? ಅವರ ವಿಡಿಯೋಗೆ ವ್ಯೂಸ್ ಬರಲಿಕ್ಕಿಲ್ಲ. ಪಕ್ಕದೂರಿನ ಕೇರಿಯಲ್ಲಿ ತಮಟೆ ಕಲಿಯುತ್ತಿರುವ ಹುಡುಗನಿಗೆ ಬೇಕಾಗಿರುವುದು ಅವರ ಮಾತೇ.

ಕೊನೆಗೆ ದಾಖಲೆಯ ಪ್ರಶ್ನೆ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ. ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಅದು ದೂರು ಬಂದರೆ ತೆಗೆದು ಕೇಳಲಿಕ್ಕೆ. ಅಂದರೆ ಸರ್ಕಾರದ ಕಣ್ಣಿಗೆ ಈ ಮಾತುಗಳು ಸಾಕ್ಷ್ಯ, ಮೂರು ತಿಂಗಳಾದ ಮೇಲೆ ಕಸ. ಅದರಾಚೆ ಉಳಿಸಿಕೊಳ್ಳಿ ಎಂದು ಹೇಳುವವರೂ ಇಲ್ಲ, ಅದಕ್ಕೆ ಅನುದಾನವೂ ಇಲ್ಲ. ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದು ಅಳಿಯುತ್ತದೆ. ಅಳಿಯದೆ ಉಳಿದದ್ದೂ 'ಇಂಟರ್‌ವ್ಯೂ ನ್ಯೂ ಫೈನಲ್ 2' ಎಂಬ ಹೆಸರಿನಲ್ಲಿ ಬಿದ್ದಿದ್ದರೆ, ಮಾಡಿದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ದಿನವೇ ಅದು ಸತ್ತ ಹಾಗೆ.

ಇದಕ್ಕೆ ಕೋಟಿಗಟ್ಟಲೆ ಬೇಡ. ಪ್ರತಿ ಕಡತಕ್ಕೆ ಹೆಸರು, ಊರು, ಕಸುಬು, ಭಾಷೆ, ದಿನಾಂಕ ಬರೆಯುವುದು ಐದು ನಿಮಿಷದ ಕೆಲಸ. ಇನ್ನೊಂದು ಪ್ರತಿ ಜಿಲ್ಲಾ ಗ್ರಂಥಾಲಯದಲ್ಲೋ ವಿಶ್ವವಿದ್ಯಾಲಯದಲ್ಲೋ ಇರಲಿ. ತುಮಕೂರಿನಲ್ಲೂ ಕೋಲಾರದಲ್ಲೂ ಈಗ ವಿಶ್ವವಿದ್ಯಾಲಯಗಳಿವೆ. ಮಾತನ್ನು ಬರಹಕ್ಕೆ ಇಳಿಸುವುದನ್ನು ಎಂ.ಎ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು. ಒಂದು ಎಚ್ಚರ ಬೇಕು. ಮಡವೆ ಒಡೆದವನ ಹೆಸರನ್ನು ನೀರಗಂಟಿ ತಾತ ಬಾಯಿತಪ್ಪಿ ಹೇಳಿದರೆ, ಹೆಸರಾದವನ ಮೊಮ್ಮಗ ಅದೇ ಊರಿನಲ್ಲಿದ್ದಾನೆ, ತಾತನ ಮೊಮ್ಮಗಳೂ ಇದ್ದಾಳೆ. ಹತ್ತಿರದವರ ರೇಡಿಯೋ ಆಗಿರುವುದರಿಂದಲೇ ಈ ಅಪಾಯ. ಪ್ರಸಾರಕ್ಕೆ ಮುಂಚೆ ಧ್ವನಿಮುದ್ರಣವನ್ನು ಅತಿಥಿಗೆ ಒಮ್ಮೆ ಪೂರ್ತಿ ಕೇಳಿಸಿ, ಯಾವುದು ಗಾಳಿಗೆ ಹೋಗಲಿ, ಯಾವುದು ಪೆಟ್ಟಿಗೆಯಲ್ಲೇ ಇರಲಿ ಎಂದು ಅವರನ್ನೇ ಕೇಳಬೇಕು. ಓದು ಬರಹ ಬಾರದವರಿಂದ ಇಂಗ್ಲಿಷ್ ಫಾರ್ಮಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಒಪ್ಪಿಗೆ ಎನ್ನುವುದು ಬೇಡ. ಒಪ್ಪಿಗೆಯನ್ನೂ ಅವರ ದನಿಯಲ್ಲೇ, ಅವರ ಭಾಷೆಯಲ್ಲೇ ಮುದ್ರಿಸಿಕೊಂಡು ಅದೇ ಕಡತದ ಮೊದಲಿಗೆ ಸೇರಿಸಿಡಬಹುದು.